ಬಾರಿಸದ ಗಂಟೆಗೆ ಬಂದ ಉತ್ತರ

ಆ ದಿನ ಬೆಳಿಗ್ಗೆ ತಲ್ಲೂರಿನ ಮೇಲೆ ಒಂದು ಮಬ್ಬು ಕೂತಿತ್ತು. ಬಿಸಿಲು ಬರಲಿಲ್ಲ, ಮಳೆಯೂ ಬೀಳಲಿಲ್ಲ, ಹೊಳೆಯ ಕಡೆಯಿಂದ ಗಾಳಿಯೂ ಇರಲಿಲ್ಲ. ದೀಪಾವಳಿ ಕಳೆದು ಚಳಿ ಹತ್ತಬೇಕಾದ ಹೊತ್ತಿಗೆ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು.

ಎಎಸ್‌ಐ ಚಂದ್ರಾವತಿ ಬಸ್ಸಿನಿಂದ ಇಳಿದು, ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತು, ಐಸ್ ಪ್ಲಾಂಟಿನ ಗೇಟು ದಾಟಿದರು. ಅವರ ನಿವೃತ್ತಿ ಮುಂದಿನ ವರ್ಷ. ಮೊಣಕಾಲುಗಳು ಅಷ್ಟು ಕಾಯಲು ತಯಾರಿರಲಿಲ್ಲ.

ಆಫೀಸಿನ ಬಾಗಿಲಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಒದ್ದೆ ಬಟ್ಟೆ. ಪ್ಲಾಂಟಿನ ಮಾಲೀಕ ಗೋವರ್ಧನ ಅದನ್ನು ಹಿಂಡಿ, ಕಂಪ್ಯೂಟರಿನ ಮೇಜು ಒರೆಸಲು ಹೊರಟಿದ್ದ.

"ಬಟ್ಟಿ ಕೆಳಗಿಡಿ, ಗೋವರ್ಧನ್ರೆ."

"ಧೂಳ್ ಮೇಡಮ್. ಶುಕ್ರವಾರದಿಂದ ಯಾರೂ ಮುಟ್ಲಿಲ್ಲೆ."

"ಮುಟ್ಟೂಕಾಗ ಅಂತ ನಾನೇ ಹೇಳದ್ದಲ್ದಾ? ಮಾಲೀಕ್ರ್ ಮೇಜ್ ಒರ್ಸುದ್ ನನ್ ಸರ್ವೀಸಂಗೆ ಇದೇ ಮೊದ್ಲ್ ಕಾಂಬುದ್."

ಗೋವರ್ಧನ ನಗಲು ನೋಡಿದ. ನಗು ಅರ್ಧದಲ್ಲಿ ನಿಂತಿತು. ಬಟ್ಟೆಯನ್ನು ಕಿಟಕಿಯ ಮೇಲೆ ಹಾಕಿದ.

ಕಳೆದ ಶುಕ್ರವಾರ ಬೆಳಿಗ್ಗೆ ಈ ಪ್ಲಾಂಟಿನ ಮಷಿನ್ ರೂಮಿನಲ್ಲಿ ಅಮೋನಿಯಾ ಪೈಪು ಸೀಳಿತ್ತು. ಒಳಗಿದ್ದ ಕೆಲಸಗಾರ ಮುತ್ತು ಈಗ ಆಸ್ಪತ್ರೆಯಲ್ಲಿದ್ದ, ನಿನ್ನೆ ನೋಡಿದಾಗ ಕಣ್ಣಿಗೆ ಪಟ್ಟಿ, ಗಂಟಲಿಗೆ ನಳಿಗೆ. ಆ ಹೊತ್ತಿನ ಪಾಳಿ ಐತನದ್ದು. ಪೈಪಿನಲ್ಲಿ ಒತ್ತಡ ಏರಿದಾಗ ಗಂಟೆ ಬಾರಿಸಿತೆಂದೂ, ಗಂಟೆಯ ಪಕ್ಕದ ಕೆಂಪು ಗುಂಡಿಯನ್ನು ಐತ ಒತ್ತಿ ಅದನ್ನು ನಿಲ್ಲಿಸಿದನೆಂದೂ ಕಂಪ್ಯೂಟರ್ ಹೇಳುತ್ತಿತ್ತು. ಎಚ್ಚರಿಕೆ ಸಿಕ್ಕಿಯೂ ಮೋಟರು ನಿಲ್ಲಿಸದೆ, ಗೆಳೆಯನನ್ನು ಒಳಗೆ ಬಿಟ್ಟು ಹೊರಗೆ ಹೋದವನು ಐತ. ಊರು ಅದನ್ನು ನಂಬಿತ್ತು. ಠಾಣೆಯೂ ನಂಬಿತ್ತು.

ಚಂದ್ರಾವತಿ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ನಿಂತು ಯೋಚಿಸುವ ವಯಸ್ಸು ಮುಗಿದಿತ್ತು.

ಆಯುಧ ಪೂಜೆಯ ಅರಸಿನ ಕುಂಕುಮ ಇನ್ನೂ ಎಲ್ಲದರ ಮೇಲಿತ್ತು. ಕಂಪ್ಯೂಟರಿನ ಹಣೆಗೆ ಒಂದು ಬೊಟ್ಟು, ಪರದೆಗೆ ಒಂದು, ಪ್ರಿಂಟರಿಗೆ ಒಂದು. ಕೀಬೋರ್ಡಿನ ಮೂಲೆಗೂ ಒಂದು ಚಿಟಿಕೆ. ಮೇಜಿನ ಎಡಬದಿಗೆ ಬೊಟ್ಟಿನ ಬದಲು ಮೂರು ಬೆರಳಿನಲ್ಲಿ ಎಳೆದ ಅರಸಿನದ ಪಟ್ಟೆ. ಅದು ಮೇಜಿನ ಅಂಚಿನಿಂದ ಹೊರಟು ಒಳಗೆ ಬಂದು, ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತುಬಿಟ್ಟಿತ್ತು. ಆಚೆಗೆ ಒಂದು ಸಾಬೂನಿನಷ್ಟು ಜಾಗ ಧೂಳಿಲ್ಲದೆ ಸ್ವಚ್ಛವಾಗಿತ್ತು. ಮೇಜಿನ ಹಿಂದೆ ಎರಡು ವೈರುಗಳ ತುದಿ ನೇತಾಡುತ್ತಿತ್ತು.

"ಇಲ್ಲಿ ಎಂತ ಇದ್ದಿತ್?"

"ಎಂತದೂ ಇಲ್ಲೆ. ವೈರ್ ಹಳೆ ಕಂಪ್ಯೂಟರಿಂದ್."

"ಐತನ್ನ ಕರೀನಿ."

ಐತ ಹೊರಗೆ, ಐಸ್ ಒಡೆಯುವ ಕ್ರಷರಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ಬೆಳಗಿನಿಂದ ಅಲ್ಲೇ ಕೂತಿದ್ದ. ಕೆಲಸಕ್ಕೆ ಬರಬೇಡ ಎಂದಿದ್ದರೂ ಮನೆಯಲ್ಲಿ ಕೂರಲಾರದೆ ಬಂದಿದ್ದ. ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ.

"ಚಂದ್ರಕ್ಕ, ನಾನ್ ಒತ್ಲಿಲ್ಲೆ."

"ಅದ್ ನೀ ಹೇಳಿ ಆಯ್ತ್. ಗಂಟಿ?"

"ಬಡೀಲಿಲ್ಲೆ. ನಾನ್ ಕ್ರಷರ್ ಹತ್ರ ಇದ್ದಿದ್ದೆ. ಕ್ರಷರ್ ತಿರ್ಗತಿದ್ರೂ ಆ ಗಂಟಿ ಕೇಂತ್. ಹಳೆ ದೋಣಿ ಗಂಟಿ ಅದ್, ಹೊಳೆ ಆಚಿಗೂ ಕೇಂತ್." ಅವನು ಹೊರಗಿನ ದಾರಿಯತ್ತ ನೋಡಿದ. "ಈಗಳ್ ಮೀನ್ ಮಾರೂಕೆ ಬಪ್ಪರೂ ನನ್ ಮನಿ ಎದ್ರ್ ಕೂಗುದಿಲ್ಲೆ, ಅಕ್ಕ. ಆಚೆಮನಿ ದಾಟದ್ ಮೇಲೆ ಕೂಗ್ತ್ರ್."

ಚಂದ್ರಾವತಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬೆರಳಿನಿಂದ ಪಟ್ಟೆಯನ್ನು ತೋರಿಸಿದರು.

"ಇದ್ ಎಳ್ದದ್ದ್ ಯಾರ್?"

"ನಾನೇ. ಅಲ್ಲೊಂದ್ ಬಿಳಿ ಡಬ್ಬಿ ಇದ್ದಿತಲ್ದಾ?" ಐತ ಬಾಗಿ ನೋಡಿದ. "ಎಲ್ಲಿಗ್ ಹೋಯ್ತ್ ಅದ್?"

"ನನ್ನ ಕೇಂಡ್ರೆ? ಎಂತ ಡಬ್ಬಿ?"

"ಅನೂಪ್ ತಂದ್ ಇಟ್ಟದ್ದ್. ಎಂತಕೆ ಅಂತ ನಂಗ್ ಗೊತ್ತಿಲ್ಲೆ. ಡಬ್ಬಿ ಮೇಲಿಂದ ಮೇಜಿಗೆ ಬಪ್ಪ ಹಾಂಗೆ ಒಂದೇ ಪಟ್ಟಿ ಎಳ್ದಿದ್ದೆ. ನಮ್ಮಜ್ಜ ದೋಣಿ ಇಂಜಿನ್ನಿಗೂ ಹಾಂಗೇ ಎಳಿತಿದ್ರ್, ಇಂಜಿನ್ನಿಗೂ ಮರಕ್ಕೂ ಸೇರ್ಸಿ. ಜಾಗ ಬಿಟ್ ಕದ್ಲೂಕಾಗ ಅಂತ."

"ಹಾಂಗಿದ್ ಡಬ್ಬಿ ನಾನ್ ಕಂಡದ್ದಿಲ್ಲೆ," ಎಂದ ಗೋವರ್ಧನ. ಯಾರೂ ಅವನನ್ನು ಕೇಳಿರಲಿಲ್ಲ.

ಚಂದ್ರಾವತಿ ಎದ್ದರು. ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಪರ್ಸಿನಲ್ಲಿಟ್ಟರು.

"ಎಸ್‌ಐ ಸಾಹೇಬ್ರ್ ಸಂಜಿ ಒಳ್ಗೆ ನಿನ್ನ ಕರ್ಕಂಡ್ ಬಪ್ಪುಕೆ ಹೇಳಿರ್, ಐತ. ಅಲ್ಲಿವರೆಗೆ ಇಲ್ಲೇ ಕೂಕೊ. ಎಲ್ಲಿಗೂ ಹೋಗ್ಬೇಡ."

"ನಾನ್ ಎಲ್ಲಿಗ್ ಹೋತೆ?" ಎಂದ ಐತ. ಮತ್ತೆ ಕಟ್ಟೆಯ ಮೇಲೆ ಹೋಗಿ ಕೂತ.

*

ಕುಂದಾಪುರದ ಪೇಟೆಯಲ್ಲಿ ಅನೂಪನ ಕಂಪ್ಯೂಟರ್ ಅಂಗಡಿ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿ ಮುಗಿಯುವಾಗ ಚಂದ್ರಾವತಿಯವರಿಗೆ ಉಸಿರು ಸಾಲಲಿಲ್ಲ. ಅನೂಪ ನೀರಿನ ಬಾಟಲಿ ಮುಂದಿಟ್ಟ. ಗಡ್ಡ ತೆಗೆದಿರಲಿಲ್ಲ. ನಿದ್ದೆ ಮಾಡಿದವನ ಮುಖವೂ ಅಲ್ಲ ಅದು.

"ತಲ್ಲೂರಂಗೆ ನೀ ಇಟ್ಟ್ ಬಂದ ಬಿಳಿ ಡಬ್ಬಿ ಎಂತಕೆ?"

ಅವನ ಕೈ ಮೌಸಿನ ಮೇಲೆ ನಿಂತಿತು. "ಯಾವ್ ಡಬ್ಬಿ, ಮೇಡಮ್?"

"ಅನೂಪ, ನಂಗೆ ಕಾಲ್ ನೋವ್. ಎರಡೆರಡ್ ಸಲ ಕೇಂಬುಕಾಗ."

ಕೆಳಗೆ ರಸ್ತೆಯಲ್ಲಿ ಬೈಂದೂರಿನ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ. ಅನೂಪ ಎದ್ದು ಕಿಟಕಿ ಮುಚ್ಚಿ ಬಂದು ಕೂತ.

"ಅಲ್ಲಿನ ಪ್ರೋಗ್ರಾಮ್ ಗೋವರ್ಧನರ ಅಪ್ಪನ ಕಾಲದ್ದ್. ಡಾಸ್ ಅಂತ ಹಳೆ ಸಿಸ್ಟಮ್ ಇದ್ದ ಕಾಲದ್ದ್. ಬರ್ದವ್ರ್ ಎಲ್ಲಿದ್ರೋ ಗೊತ್ತಿಲ್ಲೆ. ಹಳೆ ಕಂಪ್ಯೂಟರ್ ಉಪ್ಪ್‌ಗಾಳಿಗೆ ತಿಂದ್ ಹೋಯ್ತ್. ಮಳಿಗಾಲ ದೋಣಿ ನಿಂತತ್ತಿಗೆ ಹೊಸ್ತ್ ಹಾಕ್ದೆ. ಪ್ರೋಗ್ರಾಮ್ ಮಾತ್ರ ಅದೇ ಬೇಕಂದ್ರ್."

"ಹಳೆ ಪ್ರೋಗ್ರಾಮ್ ಹೊಸ ಕಂಪ್ಯೂಟರಂಗೆ ನಡೀತಾ?"

"ಸೀದಾ ನಡೀದಿಲ್ಲೆ. ಅದ್ಕೆ ಎಂತಾರೂ ಬೇಕಾರೆ ಕೆಲ್ಸ ನಿಲ್ಸಿ ಒಂದ್ ಕರೆ ಕೊಡತ್ತ್. ಇಂಟರಪ್ಟ್ ಅಂತ ಹೇಳ್ತ್ರ್. ಕೀಲಿ ಓದೂಕೊಂದ್ ನಂಬ್ರ್, ಪ್ರಿಂಟರಿಗೊಂದ್, ಫೈಲಿಗೊಂದ್. ಹಿಂದೆ ಆ ಕರೆ ಕೆಳ್ಗಿನ್ ಯಂತ್ರಕ್ಕೇ ಹೋತಿತ್. ಕೆಲವ್ ಸಲ ಕರಿಯುದೂ ಇಲ್ಲೆ, ಪ್ರಿಂಟರಿನ್ ಸಾಕೆಟ್ಟಿಗೆ ತಾನೇ ಕೈ ಹಾಕತ್ತ್."

"ಈಗಳ್?"

"ಈಗಳ್ ಆಪರೇಟಿಂಗ್ ಸಿಸ್ಟಮ್ ಹಾಂಗೆಲ್ಲ ಕೈ ಹಾಕೂಕೆ ಬಿಡುದಿಲ್ಲೆ. ಅದ್ಕೆ ನಡುವೆ ಒಂದ್ ಎಮ್ಯುಲೇಟರ್ ಕೂರ್ಸುದ್. ಅದ್ ಹಳೆ ಕಂಪ್ಯೂಟರಿನ್ ವೇಷ ಕಟ್ಟಿ ಕೂಕಂಡಿರತ್ತ್. ಕರೆ ಬಂದ್ರೆ ದಾರಿಯಂಗೇ ಹಿಡ್ಕಂಡ್, ಹೊಸ ಯಂತ್ರದತ್ರ ಕೆಲ್ಸ ಮಾಡ್ಸಿ, ಹಳೆ ಯಂತ್ರ ಕೊಟ್ಟ ಹಾಂಗೇ ಉತ್ರ ಕೊಡತ್ತ್. ಪ್ರೋಗ್ರಾಮಿಗೆ ಎಂತದೂ ಗೊತ್ತಾತಿಲ್ಲೆ. ಉತ್ರ ಬಂದ್ರಾಯ್ತ್ ಅದ್ಕೆ."

ಚಂದ್ರಾವತಿ ನೀರು ಕುಡಿದು ಬಾಟಲಿ ಮುಚ್ಚಿದರು. ಅವರು ಶಂಕರನಾರಾಯಣ ಎಂಬ ಊರಿನವರು. ತಂದೆ ದೇವಸ್ಥಾನದ ಸೇವಾ ಕೌಂಟರಿನಲ್ಲಿದ್ದರು. ಮುಂಬೈಯಲ್ಲಿ ಹೋಟೆಲ್ ಇಟ್ಟವರು ಅಲ್ಲಿಂದಲೇ ಸೇವೆ ಬರೆಸುತ್ತಿದ್ದರು. ಭಟ್ಟರು ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿ, ಗಂಟೆ ಬಾರಿಸಿ ಮಂಗಳಾರತಿ ಎತ್ತುತ್ತಿದ್ದರು. ವಾರದ ಮೇಲೆ ಮುಂಬೈಗೆ ಅಂಚೆಯಲ್ಲಿ ಕುಂಕುಮ ಪ್ರಸಾದ ಹೋಗುತ್ತಿತ್ತು. ಬರೆಸಿದವರು ಅದನ್ನು ಹಣೆಗಿಟ್ಟುಕೊಂಡು ನಿಶ್ಚಿಂತರಾಗುತ್ತಿದ್ದರು. ಗಂಟೆಯ ಸದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಅಲ್ಲಿ ಒಬ್ಬರು ನಿಂತು ಬಾರಿಸುತ್ತಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಎಷ್ಟೋ ಸಲ ಚಂದ್ರಾವತಿಯೇ ಕೇಳಿದ್ದರು.

"ಉತ್ರ ಕೊಡೂಕಿಂತ ಮುಂಚಿ ಯಾರಾರೂ ಗಂಟಿ ಬಡೀಕಲ್ದಾ, ಅನೂಪ?"

ಅನೂಪ ತಲೆಯೆತ್ತಲಿಲ್ಲ. "ಅದ್ಕೇ ಡಬ್ಬಿ. ಗಂಟಿ, ಕೆಂಪ್ ಗುಂಡಿ ಎರಡೂ ಹಳೆ ಕಂಪ್ಯೂಟರಿನ್ ಪ್ರಿಂಟರ್ ಸಾಕೆಟ್ಟಿಗೆ ಇದ್ದಿತ್. ಹೊಸದ್ರಂಗೆ ಆ ಸಾಕೆಟ್ಟೇ ಇಲ್ಲೆ. ಎಮ್ಯುಲೇಟರ್ ಡಬ್ಬಿಗೆ ಹೇಳತ್ತ್, ಡಬ್ಬಿ ಗಂಟಿ ಬಡ್ಸತ್ತ್. ಗುಂಡಿ ಒತ್ತಿರೆ ಡಬ್ಬಿ ಕಂಪ್ಯೂಟರಿಗೆ ಹೇಳತ್ತ್."

"ಡಬ್ಬಿ ಇಲ್ದಿರೆ?"

ಅನೂಪ ಮೌಸನ್ನು ಪಕ್ಕಕ್ಕೆ ಸರಿಸಿದ.

"ಆ ಪ್ರೋಗ್ರಾಮ್ ನಿನ್ ಹತ್ರ ಇತ್ತಲ್ದಾ? ಇಲ್ಲೇ ಹಾಕಿ ಕಾಣ್ಸ್."

"ಮೇಡಮ್, ಅದ್..."

"ಕಾಣ್ಸ್ ಮಾರಾಯ. ನಾನ್ ಪುನಾ ಮೆಟ್ಲ್ ಹತ್ತಿ ಬಪ್ಪೋಳಲ್ಲ."

ಅನೂಪ ಒಂದೆರಡು ಕೀಲಿ ಒತ್ತಿದ. ಕಪ್ಪು ಪರದೆಯಲ್ಲಿ ಹಸಿರು ಅಕ್ಷರಗಳು ಮೂಡಿದವು. ಪ್ಲಾಂಟಿನ ಆಫೀಸಿನಲ್ಲಿ ನೋಡಿದ ಅದೇ ಗೆರೆಗಳು, ಅದೇ ಚೌಕಗಳು. ಒತ್ತಡದ ಅಂಕಿಯನ್ನು ಅವನು ಕೈಯಿಂದಲೇ ಏರಿಸುತ್ತ ಹೋದ. ಅಂಕಿ ಕೆಂಪಾಯಿತು.

ಗಂಟೆ ಬಾರಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬಂತು. ಅದರ ಬೆನ್ನಿಗೇ ಇನ್ನೊಂದು: ಪಾಳಿಯವನು ಗುಂಡಿ ಒತ್ತಿದ್ದಾನೆ.

ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಬೇರೆ ಸದ್ದಿರಲಿಲ್ಲ.

ಚಂದ್ರಾವತಿ ಸುತ್ತ ನೋಡಿದರು. ಗೋಡೆಯಲ್ಲಿ ಗಣಪತಿಯ ಪಟ, ಅದರ ಕೆಳಗೆ ಹಳೆಯ ಕೀಬೋರ್ಡುಗಳ ರಾಶಿ.

"ಗಂಟಿ ಎಲ್ಲಿತ್ತ್?"

"ಇಲ್ಲೆ."

"ಗುಂಡಿ ಒತ್ತಿದ್ದ್ ಯಾರ್? ಐತ ಈಗಷ್ಟೇ ಬಂದ್ ಹೋದ್ನಾ?"

ಅನೂಪನ ಕಣ್ಣು ತುಂಬಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

"ಸಾಕೆಟ್ ಖಾಲಿ ಇದ್ರೆ ಎಮ್ಯುಲೇಟರಿಗೆ ಅಲ್ಲಿಂದ ಎಲ್ಲಾ ಒಂದು, ಒಂದು ಅಂತ್ಲೇ ಓದ್ ಸಿಕ್ಕತ್ತ್. ಪ್ರೋಗ್ರಾಮ್ ಅದ್ನ 'ಗುಂಡಿ ಒತ್ತಿರ್' ಅಂತ ತಿಳ್ಕಂತ್. ಮೊದ್ಲ್ ನಾನ್ ಹಾಂಗ್ ಬಿಟ್ಟಿರ್ಲಿಲ್ಲೆ. ಡಬ್ಬಿ ಸಿಕ್ದಿರೆ ಎಲ್ಲಾ ನಿಲ್ಲೂ ಹಾಂಗ್ ಮಾಡಿದ್ದೆ. ಉಪ್ಪಿಗೆ ವೈರ್ ಸಡ್ಲ ಆಯಿ ಎರಡ್ಮೂರ್ ಸಲ ಪ್ಲಾಂಟ್ ನಿಂತ್ ಹೋಯ್ತ್. ಗಂಗೊಳ್ಳಿಯಂಗೆ ದೋಣಿಯವ್ರೆಲ್ಲ ಐಸಿಗೆ ಕಾಯ್ತಿದ್ರ್. ಗೋವರ್ಧನರ್ ಫೋನ್ ಮಾಡಿ ಬಾಯಿಗ್ ಬಂದಾಂಗೆ ಬೈದ್ರ್. ಎಂತಾರೂ ಮಾಡ್, ನಿಲ್ಲೂಕ್ ಮಾತ್ರ ಆಗ ಅಂದ್ರ್."

"ನೀ ಮಾಡ್ದೆ."

"ಡಬ್ಬಿ ಇಲ್ದಿರೂ ನಿಲ್ಲೂದ್ ಬೇಡ ಅಂತ ಬಿಟ್ಟೆ. ಡಬ್ಬಿ ಯಾರ್ ತೆಗಿತ್ರ್ ಅಂತ ಅಂದ್ಕಂಡೆ."

"ಇದನ್ನ ಶುಕ್ರವಾರವೇ ಎಂತಕೆ ಹೇಳ್ಲಿಲ್ಲೆ?"

"ಹೇಳೂಕ್ ಹೊರಟಿದ್ದೆ. ಕಂಪ್ಯೂಟರ್ ಹೇಳದ್ದೇ ಸಾಕ್, ನೀ ನಡುವೆ ಬಂದ್ರೆ ನಿನ್ ಮೇಲೇ ಬತ್ತ್ ಅಂದ್ರ್ ಗೋವರ್ಧನರ್."

"ಹಾಂಗಂತ ಐತನ್ ಮೇಲೆ ಬಪ್ಪುಕ್ ಬಿಟ್ಟೆ."

ಅನೂಪ ಪರದೆಯನ್ನೇ ನೋಡುತ್ತಿದ್ದ. ಹಸಿರು ಸಾಲುಗಳು ಇನ್ನೂ ಅಲ್ಲೇ ಇದ್ದವು. ಅವಕ್ಕೆ ನಾಚಿಕೆಯಿರಲಿಲ್ಲ.

"ಡಬ್ಬಿ ತೆಗ್ದವ ನಾನಲ್ಲ, ಮೇಡಮ್. ಅದೊಂದ್ ನಂಬಿ."

"ಡಬ್ಬಿ ತೆಗ್ದ್ರೆ ಹೀಂಗಾತ್ತ್ ಅಂತ ಯಾರಿಗೆಲ್ಲ ಗೊತ್ತಿತ್ತ್?"

"ನಂಗೆ. ಗೋವರ್ಧನರಿಗೆ." ಅವನು ತಡೆದ. "ಮತ್ತೆ ಮುತ್ತುಗೆ. ವೈರ್ ಎಳೂಕೆ ಅವನೇ ನನ್ ಸಂಗಡ ಇದ್ದದ್ದ್."

ಮೆಟ್ಟಿಲು ಇಳಿಯುವ ಮೊದಲು ಚಂದ್ರಾವತಿ ಎಸ್‌ಐಗೆ ಫೋನ್ ಮಾಡಿದರು. ಅವರು ಎಲ್ಲವನ್ನೂ ಕೇಳಿ, ಆಕಳಿಸಿ, ತಮ್ಮ ಬಯಲುಸೀಮೆಯ ಕನ್ನಡದಲ್ಲಿ ಹೇಳಿದರು: "ಡಬ್ಬಿ ತಂದು ನನ್ನ ಟೇಬಲ್ ಮೇಲೆ ಇಡ್ರಿ ಮೇಡಂ, ನಂಬ್ತೀನಿ. ಡಬ್ಬಿ ಇಲ್ಲ ಅಂದ್ರೆ ಇದು ಕತೆ. ಸಂಜೆಗೆ ಡಬ್ಬಿ ತರ್ರಿ, ಇಲ್ಲಾಂದ್ರೆ ಐತನ್ನ ತರ್ರಿ."

*

ಮಧ್ಯಾಹ್ನ ಕಳೆದರೂ ಮಬ್ಬು ಸರಿಯಲಿಲ್ಲ. ತಲ್ಲೂರಿನ ಪ್ಲಾಂಟಿನಲ್ಲಿ ಐತ ಅದೇ ಕಟ್ಟೆಯ ಮೇಲೆ ಕೂತಿದ್ದ. ಚಂದ್ರಾವತಿ ಅವನ ಪಕ್ಕದಲ್ಲೇ ಕೂತು ಚಪ್ಪಲಿ ಕಳಚಿದರು. ಪ್ಲಾಂಟಿನ ಮೂಲೆಮೂಲೆ ಹುಡುಕಿಸಿದ್ದಾಗಿತ್ತು. ಗೋವರ್ಧನನ ಕಾರು, ಕಪಾಟು, ಮನೆಯ ಮೇಜು ಕೂಡ. ಅವನು ಎಲ್ಲವನ್ನೂ ತಾನೇ ತೆರೆದು ತೋರಿಸಿದ್ದ. ಡಬ್ಬಿ ಸಿಕ್ಕಿರಲಿಲ್ಲ.

"ಊಟ ಮಾಡ್ದ್ಯಾ?"

"ಇಲ್ಲೆ."

"ನಾನೂ ಮಾಡ್ಲಿಲ್ಲೆ."

ಐತ ಹೆದ್ದಾರಿಯ ಕಡೆ ಮುಖ ತಿರುಗಿಸಿದ.

"ಅವತ್ ನಾನ್ ಒಳ್ಗೆ ಹೋಪತಿಗೆ ಕಣ್ ಬಿಡೂಕೇ ಆತಿರ್ಲಿಲ್ಲೆ, ಅಕ್ಕ," ಎಂದ ಐತ. "ಕೈಯಂಗೇ ಹುಡ್ಕದೆ. ಕಾಲ್ ಸಿಕ್ತ್. ಎಳ್ದ್ ಹೆಗ್ಲಿಗ್ ಹಾಯ್ಕಂಡೆ. ಸಣ್ಣಾಗಿಪ್ಪತಿಗೆ ಹೊಳಿಯಂಗೆ ನನ್ನ ಮುಳ್ಗೂಕೆ ಬಿಡ್ದೆ ಎಳ್ದ್ ಹಾಕದ್ದ್ ಅವ. ಅವ್ನ ಬಿಟ್ ಹೋಪವ್ನಾ ನಾನ್?"

"ಅದ್ನ ಠಾಣೆಯಂಗೆ ಹೇಳಿದ್ಯಾ?"

"ಹೇಳ್ದೆ. ಪಶ್ಚಾತ್ತಾಪಕ್ಕೆ ಹೊತ್ತದ್ದ್ ಅಂದ್ರ್."

ಗೇಟಿನ ಹೊರಗೆ ಬಸ್ಸು ನಿಂತು ಹೊರಟಿತು. ಸೀತು ಇಳಿದಿದ್ದಳು. ಮುತ್ತುವಿನ ಹೆಂಡತಿ. ಅದೇ ಸೀರೆಯಲ್ಲಿ ನಿನ್ನೆಯೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅವಳು ನಿಧಾನವಾಗಿ ನಡೆದು ಬಂದಳು. ಅವಸರಕ್ಕೆ ಬೇಕಾದ ಶಕ್ತಿ ಅವಳಲ್ಲಿ ಉಳಿದಂತೆ ಕಾಣಲಿಲ್ಲ.

ಆಫೀಸಿನ ಜಗಲಿಯಲ್ಲಿ ಗೋವರ್ಧನ ಎದ್ದು ನಿಂತ. ಆಸ್ಪತ್ರೆಯದ್ದೆಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದು ಊರವರ ಎದುರು ಅವಳಿಗೆ ಮಾತು ಕೊಟ್ಟಿದ್ದವನು ಅವನು.

"ಎಂತ ಸೀತು, ಮುತ್ತು ಹ್ಯಾಂಗಿದ್ದ?" ಎಂದ ಅಲ್ಲಿಂದಲೇ.

ಸೀತು ಅವನತ್ತ ತಿರುಗಲಿಲ್ಲ. ಕಟ್ಟೆಯ ಎದುರು ಬಂದು ನಿಂತಳು. ಐತ ಎದ್ದ. ಶುಕ್ರವಾರದ ಮೇಲೆ ಅವಳು ಅವನ ಮುಖ ನೋಡಿದ್ದು ಇದೇ ಮೊದಲು.

"ಚಂದ್ರಕ್ಕ, ಆಸ್ಪತ್ರೆಯಂಗೆ ಇವ್ರ್ ಬಟ್ಟಿ ಒಂದ್ ಚೀಲಕ್ ಹಾಕಿ ಕೊಟ್ಟಿದ್ರ್. ಬಿಡ್ಸಿ ಕಾಂಬುಕೆ ಮನಸ್ ಬರ್ಲಿಲ್ಲೆ. ನಿನ್ನಿ ತೊಳೂಕಂತ ತೆಗ್ದೆ. ಪ್ಯಾಂಟಿನ್ ಕಿಸಿಯಂಗೆ ಇದಿತ್ತ್."

ಅವಳು ಚೀಲದಿಂದ ಒಂದು ಬಿಳಿ ಡಬ್ಬಿ ತೆಗೆದಳು. ಸಾಬೂನಿನಷ್ಟೇ ಇತ್ತು. ಮೇಲೆ ಮಾಸಿದ ಅರಸಿನ, ಮೂರು ಬೆರಳಿನ ಪಟ್ಟೆ. ಡಬ್ಬಿಯ ಅಂಚಿಗೆ ಬಂದು ಅದು ನಿಂತುಹೋಗಿತ್ತು. ಅದರ ಉಳಿದ ಅರ್ಧ ಬೀಗ ಹಾಕಿದ ಕೋಣೆಯ ಮೇಜಿನ ಮೇಲಿತ್ತು.

ಚಂದ್ರಾವತಿ ಬಾಗಿ ಪಟ್ಟೆಯನ್ನು ನೋಡಿದರು. "ಸೀತು, ಇದ್ ಎಂತ ಅಂತ ನಿಂಗ್ ಗೊತ್ತಿತ್ತಾ?"

"ನೀವ್ ಅಂಗಡಿಗ್ ಹೋಯ್ ಬಂದ್ ಮೇಲೆ ಅನೂಪ್ ಫೋನ್ ಮಾಡಿ ಅತ್ತ, ಎಲ್ಲಾ ಹೇಳ್ದ. ಇದ್ನ ಕೊಟ್ರೆ ಇವ್ರ್ ಮೇಲೆ ಬತ್ತ್ ಅಂತ್ಲೂ ಗೊತ್ತಿತ್ತ್." ಅವಳ ದನಿ ಏರಲಿಲ್ಲ. "ಬಸ್ಸಂಗೆ ಬಪ್ಪತಿಗೆ ಸೇತುವೆ ಮೇಲೆ ಕಿಟ್ಕಿ ಪಕ್ಕವೇ ಕೂಕಂಡಿದ್ದೆ. ಹೊಳಿಗ್ ಹಾಕಿರೆ ಯಾರಿಗೂ ಗೊತ್ತಾತಿರ್ಲಿಲ್ಲೆ."

"ಎಂತಕೆ ಹಾಕ್ಲಿಲ್ಲೆ?"

"ನಸುಕಂಗೆ ಇವ್ರಿಗ್ ಒಂದ್ ಸಲ ಎಚ್ರ ಆಯ್ತ್. ನಳಿಗೆ ತೆಗ್ದಿದ್ರ್. ಮಾತ್ ಸಮಾ ಬತ್ತಿಲ್ಲೆ. ನನ್ ಕೈ ಹಿಡ್ಕಂಡ್ ಒಂದೇ ಕೇಂಡ್ರ್. 'ಗಂಟಿ ಬಡೀತಾ?' ಅಂತ. ಮತ್ತೆ ಪುನಾ ನಿದ್ದಿಗ್ ಹೋದ್ರ್."

ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ನೀರು ಸುರಿಸುತ್ತ ಹೋಯಿತು.

ಚಂದ್ರಾವತಿ ಆ ಎರಡು ಮಾತುಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದರು. ಡಬ್ಬಿ ತೆಗೆದರೆ ಗಂಟೆ ಬಾರಿಸುವುದಿಲ್ಲವೆಂದು ಮುತ್ತುವಿಗೆ ತಿಳಿದಿತ್ತು. ತೆಗೆದವನು ಅವನೇ ಆಗಿದ್ದರೆ, ಸಾವಿನ ಬಾಗಿಲಿಂದ ತಿರುಗಿ ಬಂದವನು ಮೊದಲು ಅದನ್ನು ಕೇಳುವುದೇಕೆ? ಅದು ತನ್ನ ಕಿಸೆಯಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲವೇ? ಹಾಗಾದರೆ ಎಚ್ಚರತಪ್ಪಿದವನ ಕಿಸೆಗೆ ಅದನ್ನು ಸೇರಿಸಿದ್ದು, ಬೆಳಿಗ್ಗೆ ಮೇಜಿನ ಪಟ್ಟೆ ಒರೆಸಲು ಹೊರಟಿದ್ದ ಕೈಯೇ?

ತಲೆಯೆತ್ತಿದಾಗ ಜಗಲಿ ಖಾಲಿಯಾಗಿತ್ತು. ಹಿಂದಿನ ಅಂಗಳದಲ್ಲಿ ಕಾರು ಶುರುವಾದ ಸದ್ದು ಕೇಳಿತು.

ಅವರು ಚಪ್ಪಲಿಗೆ ಕಾಲು ಹಾಕಿದರು. ಕೈಯೊಡ್ಡಿ ಡಬ್ಬಿ ತೆಗೆದುಕೊಳ್ಳಬೇಕಿತ್ತು. ಅದು ಸಾಕ್ಷಿ, ಯಾರ ಕೈಗೂ ಹೋಗಬಾರದು. ಕೈ ಅರ್ಧ ಚಾಚಿ, ಸೀತುವಿನ ಮುಖ ನೋಡಿ, ಹಿಂದಕ್ಕೆ ತೆಗೆದುಕೊಂಡರು.

ಸೀತು ಐತನ ಎದುರು ನಿಂತಿದ್ದಳು.

"ಹೆಗ್ಲ್ ಮೇಲೆ ಹೊತ್ಕಂಡ್ ಹೊರ್ಗ್ ತಂದದ್ದ್ ನೀವ್, ಐತಣ್ಣ. ಅಷ್ಟೂ ದಿನ ನಿಮ್ ಮನಿ ಎದ್ರಿಂದ್ಲೇ ಆಸ್ಪತ್ರೆಗ್ ಹೋಯ್ ಬಂದೆ, ಒಂದ್ ಮಾತ್ ಆಡ್ಲಿಲ್ಲೆ."

ಐತ ಏನೋ ಹೇಳಲು ನೋಡಿದ. ಅವಳು ಅವನ ಕೈ ಹಿಡಿದು, ಅಂಗೈಯಲ್ಲಿ ಡಬ್ಬಿಯನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು. ಮತ್ತೆ ಸೆರಗು ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಬಸ್ಸಿಗೆ ನಡೆದಳು.